ಮೂರನೆಯ ಮುಳುಗು

"ಇದು ಮೊದಲನೇ ಅಳುವೋ, ಎರಡನೇ ಅಳುವೋ?"

ನೆಲಮಾಳಿಗೆಯ ಪುಟ್ಟ ಅಡಿಗೆಮನೆಯಲ್ಲಿ ನಿಂತು ವೆರ್ಲಾ ಗಟ್ಟಿಯಾಗಿಯೇ ಕೇಳಿದಳು. ಉತ್ತರ ಕೊಡುವವರು ಅಲ್ಲಿ ಯಾರೂ ಇರಲಿಲ್ಲ. ಮೇಲೆ, ಮಗನ ಅಡಿಗೆಮನೆಯಲ್ಲಿ, ಕಿರಿಯ ಮೊಮ್ಮಗಳು ಟೆನ್ಲಿ ಅಳುತ್ತಿದ್ದಳು. ಅಳು ನಿಂತಿತು. ಕುರ್ಚಿ ಎಳೆದ ಸದ್ದಾಯಿತು, ಕಿಟಕಿಯ ಪರದೆ ಸರಿಸಿದ ಸದ್ದಾಯಿತು. "ಬೆಳಕಿನ ಕಡೆ ತಿರುಗು ಕಂದ, ಇನ್ನೊಂದ್ಸಲ" ಎಂದು ಮಗ ಡೆರಿನ್ ಹೇಳಿದ್ದು ಕೇಳಿಸಿತು. ಅಳು ಮತ್ತೆ ಶುರುವಾಯಿತು, ಈ ಸಲ ಸ್ವಲ್ಪ ರಾಗವಾಗಿ. ಹಾಗಾದರೆ ಮೊದಲು ಕೇಳಿದ್ದು ನಿಜದ್ದು. ವೆರ್ಲಾ ಪೀಚ್ ಹಣ್ಣಿನ ಸಿಪ್ಪೆ ಬಿಡಿಸುವುದನ್ನು ಮುಂದುವರಿಸಿದಳು.

ಸಡಿಲವಾಗಿದ್ದ ಹಲ್ಲು ಬಿದ್ದಿತ್ತಂತೆ, ಅಷ್ಟೆ. ಬಿದ್ದಾಗ ಕ್ಯಾಮೆರಾ ಸ್ನಾನದ ಮನೆಯಲ್ಲಿತ್ತು.

ಆ ಮನೆಯಲ್ಲಿ ಎಲ್ಲವೂ ಎರಡೆರಡು ಸಲ ನಡೆಯುತ್ತಿತ್ತು. ಬೆಳಗ್ಗೆ ಮಕ್ಕಳು ಒಮ್ಮೆ ಏಳುತ್ತಿದ್ದರು, ತಲೆ ಬಾಚಿಕೊಂಡು ಮತ್ತೆ ಮಲಗಿ ಇನ್ನೊಮ್ಮೆ ಏಳುತ್ತಿದ್ದರು. ಊಟಕ್ಕೆ ಮುಂಚಿನ ಪ್ರಾರ್ಥನೆ ಮಾತ್ರ ಒಂದೇ ಸಲ. ಅದೊಂದನ್ನು ವೆರ್ಲಾ ಹಟ ಹಿಡಿದು ಉಳಿಸಿಕೊಂಡಿದ್ದಳು. ಗಂಡ ತೀರಿಕೊಂಡ ಮೇಲೆ, ಎರಡು ವರ್ಷದ ಹಿಂದೆ, ಅವಳು ಸ್ಯಾಂಟಾಕ್ವಿನ್ ಊರಿನ ಈ ಮನೆಯ ನೆಲಮಾಳಿಗೆಗೆ ಬಂದವಳು. ತಲೆಯ ಮೇಲಿನ ಹೆಜ್ಜೆ ಕೇಳಿಯೇ ಯಾರು ನಡೆದರು, ಯಾವ ಸಿಟ್ಟಿನಲ್ಲಿ ನಡೆದರು ಎಂದು ಹೇಳಬಲ್ಲಳು. ಅವಳ ಅಪ್ಪ ಹಾಲು ಕರೆಯುವಾಗ ದೇವರ ಪದಗಳನ್ನು ಬಾಯಿಪಾಠವಾಗಿ ಹೇಳುತ್ತಿದ್ದವನು. ಕತ್ತಲೆಯ ಕೊಟ್ಟಿಗೆಯಲ್ಲಿ ಕೂತು ಕೇಳುತ್ತ ಬೆಳೆದ ಕಿವಿ ಅದು.

ಸೊಸೆ ಜನಲೀ ಕೆಟ್ಟವಳಲ್ಲ. ಐದು ವರ್ಷದ ಹಿಂದೆ ಬಸಿರಿನ ಆರನೇ ತಿಂಗಳಲ್ಲಿ ಅವಳ ಮಗು ಹೋಯಿತು. ಚರ್ಚಿನ ಸಭೆಯ ಹೆಂಗಸರು ಮೂರು ದಿನ ಆಲೂಗಡ್ಡೆ ಚೀಸಿನ ಭಕ್ಷ್ಯ ತಂದುಕೊಟ್ಟರು, ನಾಲ್ಕನೆಯ ದಿನ ಅವರವರ ಮನೆ ಅವರವರಿಗೆ. ಜನಲೀ ಕಾರಿನಲ್ಲಿ ಕೂತು ಫೋನಿನ ಮುಂದೆ ಮಾತಾಡಿದಳು. ಎಲ್ಲೆಲ್ಲಿಯದೋ ಹನ್ನೊಂದು ಸಾವಿರ ಹೆಂಗಸರು ತಿರುಗಿ ಬರೆದರು, ಒಂದು ವರ್ಷ ಬರೆಯುತ್ತಲೇ ಇದ್ದರು. ಹಾಗೆ ಶುರುವಾದದ್ದು ಮನೆಯ ದಿನಚರಿ ತೋರಿಸುವ ಈ ವಿಡಿಯೊ ಚಾನೆಲ್ಲು. ಮೂರು ವರ್ಷದ ಹಿಂದೆ ಡೆರಿನ್ ಮನೆ ಬಿಸಿಮಾಡುವ ಫರ್ನೇಸುಗಳ ರಿಪೇರಿ ಕೆಲಸ ಬಿಟ್ಟು ಕ್ಯಾಮೆರಾ ಹಿಡಿದ. ಈಗ ಒಲೆಯ ಮೇಲಿನ ಪಾತ್ರೆಯಿಂದ ಹಿಡಿದು ಸೂರಿನವರೆಗೆ ಎಲ್ಲವೂ ಅದರಿಂದಲೇ.

ಆವತ್ತು ಸಂಜೆ ಹಿರಿಯವಳು ಬ್ರಿಯೆಲ್ ಕೆಳಗಿಳಿದು ಬಂದಳು. ಹದಿನಾಲ್ಕು ವರ್ಷ, ಹಲ್ಲಿಗೆ ತಂತಿ, ಶಾಲೆ ಶುರುವಾಗಿ ಎರಡು ವಾರ.

"ಅಜ್ಜಿ, ಬ್ರೆಡ್ಡಿದೆಯಾ? ಫೋಟೊ ತೆಗೆಸ್ಕೊಳ್ದೆ ಇರೋ ಬ್ರೆಡ್ಡು."

ವೆರ್ಲಾ ಬಿಸಿ ಬ್ರೆಡ್ಡಿಗೆ ಬೆಣ್ಣೆ ಸವರಿ, ಮೇಲೆ ಎರಡು ಹೋಳು ಪೀಚ್ ಇಟ್ಟು ಕೊಟ್ಟಳು. ಹುಡುಗಿ ನಿಂತುಕೊಂಡೇ ತಿಂದಳು. ತಿಂದಾದ ಮೇಲೆ ಹೇಳಿದಳು.

ವಸಂತದಲ್ಲಿ ಶಾಲೆಯ ವಾಲಿಬಾಲ್ ತಂಡಕ್ಕೆ ಅವಳನ್ನು ಆರಿಸಿರಲಿಲ್ಲ. ಪಟ್ಟಿ ನೋಡಿಕೊಂಡು ಕಾರು ಹತ್ತಿ ಅತ್ತಿದ್ದಳು. ಕಾರಿನಲ್ಲಿ ಸಿಕ್ಕಿಸಿದ್ದ ಫೋನು ಚಾಲೂ ಇತ್ತು. ಅದನ್ನು ಎರಡನೆಯ ಸಲ ಮಾಡಿಸಬೇಕಾಗಿ ಬರಲಿಲ್ಲ. ಮೊದಲ ಸಲಕ್ಕೇ ಸರಿಯಾಗಿ ಬಂದಿತ್ತು. ಮೂಗು ಸೋರುತ್ತ, ತಂತಿಯ ಹಲ್ಲು ಕಾಣುತ್ತ, "ನಾನು ಯಾರಿಗೂ ಬೇಡ ಅಲ್ವಾ" ಅನ್ನುವ ಒಂದು ನಿಮಿಷದ ತುಣುಕು. ಚಾನೆಲ್ಲಿನಲ್ಲಿ ಅಷ್ಟು ಜನ ನೋಡಿದ್ದು ಬೇರೆ ಯಾವುದೂ ಇಲ್ಲ. ಈಗ ಶಾಲೆಯ ಹುಡುಗರು ಆ ಮಾತನ್ನು ಕತ್ತರಿಸಿ ಫೋನಿನ ಗಂಟೆಯಾಗಿ ಇಟ್ಟುಕೊಂಡಿದ್ದರು.

"ಗಣಿತದ ಕ್ಲಾಸಲ್ಲಿ ಮೂರು ಫೋನು ಒಟ್ಟಿಗೆ ಅತ್ತವು ಅಜ್ಜಿ. ಮೂರೂ ನಾನೇ."

"ಅಮ್ಮಂಗೆ ಹೇಳಿದ್ಯಾ?"

"ಹೇಳಿದೆ. ಇದನ್ನ ಕ್ಯಾಮೆರಾ ಮುಂದೆ ಕೂತ್ಕೊಂಡು ಹೇಳ್ತೀಯಾ, ಬೇರೆ ಹುಡುಗೀರಿಗೂ ಧೈರ್ಯ ಬರತ್ತೆ ಅಂದ್ಲು."

ವೆರ್ಲಾ ಇನ್ನೊಂದು ತುಂಡು ಬ್ರೆಡ್ ಕೊಯ್ದಳು.

ಒಂದು ವರ್ಷದ ಆಹಾರವನ್ನು ಒಣಗಿಸಿ ಡಬ್ಬಿಯಲ್ಲಿ ತುಂಬಿ ಮಾರುವ ಕಂಪನಿಯೊಂದು ಆ ತಿಂಗಳು ಜಾಹೀರಾತಿಗೆಂದು ಇವರನ್ನು ಹಿಡಿದುಕೊಂಡಿತ್ತು. ಕಷ್ಟಕಾಲಕ್ಕೆಂದು ನೆಲಮಾಳಿಗೆಯಲ್ಲಿ ಗೋಧಿ, ಬೀನ್ಸ್ ಕಾಳು ಕೂಡಿಡುವುದು ಇಲ್ಲಿನ ಪ್ರತಿ ಮನೆಯ ರೂಢಿಯಾದ್ದರಿಂದ ಅವರ ವ್ಯಾಪಾರವೂ ಇಲ್ಲಿಯದೇ. ಆರು ವಿಡಿಯೊ, ಆರರಲ್ಲೂ ಇಡೀ ಕುಟುಂಬ ಮೇಜಿನ ಸುತ್ತ ಕೂತು ಡಬ್ಬಿಯ ಊಟ ಮಾಡಬೇಕು. ಹಾಗಾಗಿ ವಾರಕ್ಕೊಮ್ಮೆ ಎರಡು ಊಟ. ಮೊದಲು ಪುಡಿಗೆ ಬಿಸಿನೀರು ಹುಯ್ದು ಮಾಡಿದ ಅಣಬೆ ನೂಡಲ್ಸನ್ನು ನಗುತ್ತ ತಿನ್ನುವುದು, ಆಮೇಲೆ ನಿಜವಾದ ಊಟವನ್ನು ತಣ್ಣಗಾದ ಮೇಲೆ ತಿನ್ನುವುದು. ವೆರ್ಲಾಳ ಕುರ್ಚಿಯನ್ನು ಗೋಡೆಯ ಕಡೆ ಒಂದು ಮಾರು ಸರಿಸಿರುತ್ತಿದ್ದರು. ಅವಳು ತಾನು ಕಾಣಿಸಿಕೊಳ್ಳುವುದಿಲ್ಲ ಎಂದು ಬಂದ ದಿನವೇ ಹೇಳಿದ್ದಳು. ವಯಸ್ಸಾದವಳು, ಅದು ನಡೆಯಿತು.

ಎರಡನೆಯ ವಾರ ಬ್ರಿಯೆಲ್ ಚಮಚ ಕೆಳಗಿಟ್ಟಳು.

"ಒಂದೇ ತುತ್ತು," ಎಂದ ಡೆರಿನ್ ಕ್ಯಾಮೆರಾದ ಹಿಂದಿನಿಂದ. "ಆಮೇಲೆ ನಾಯಿಗೆ ಹಾಕು."

"ನಾಯಿಗೂ ದುಡ್ಡು ಕೊಡ್ತಾರಾ?"

ಟೆನ್ಲಿ ಕಿಸಕ್ಕನೆ ನಕ್ಕಳು. ಜನಲೀ ನಗಲಿಲ್ಲ. ಕ್ಯಾಮೆರಾ ಆರಿಸಲು ಹೇಳಿ, ಮಗಳ ಕಡೆ ತಿರುಗಿ, ಏನು ಬೇಕು ಎಂದು ಕೇಳಿದಳು. ಬ್ರಿಯೆಲ್ ತನಗೆ ಬೇಕಾದ್ದನ್ನು ಮತ್ತೆ ಹೇಳಿದಳು: ಆ ಕಾರಿನ ವಿಡಿಯೊ ಹೋಗಬೇಕು. ಬೇರೆ ಯಾವುದೂ ಬೇಡ, ಅದೊಂದು.

"ಅದನ್ನ ತೆಗೆದ್ರೆ ಆಯ್ತು, ಅಂಗಡಿಗೆ ಬೀಗ," ಎಂದಳು ಜನಲೀ. "ಹೊಸಬರೆಲ್ಲ ಬರೋದೇ ಅದನ್ನ ನೋಡ್ಕೊಂಡು. ಅದರಲ್ಲಿ ನಾಚಿಕೆ ಪಡೋಂಥದ್ದು ಏನಿದೆ ಹೇಳು. ಎಷ್ಟು ಜನ ನಿನಗೋಸ್ಕರ ಪ್ರಾರ್ಥನೆ ಮಾಡಿದಾರೆ ಗೊತ್ತಾ?"

"ಅವರು ಮಾಡ್ಲಿ. ನಮ್ಮ ಕ್ಲಾಸಿನೋರು ಪ್ರಾರ್ಥನೆ ಮಾಡ್ತಿಲ್ಲ."

"ಅಮ್ಮನ ಹತ್ರ ಹಾಗೆ ಮಾತಾಡಬೇಡ," ಎಂದ ಡೆರಿನ್.

"ನೀನು ಕ್ಯಾಮೆರಾ ಆರ್ಸಿದೀಯಾ ಅಪ್ಪ? ಆ ಕೆಂಪು ದೀಪ ಇನ್ನೂ ಉರೀತಿದೆ."

ಡೆರಿನ್ ನೋಡಿ ಆರಿಸಿದ. ಮೇಜಿನ ಮೇಲೆ ನೂಡಲ್ಸು ಗಟ್ಟಿಯಾಗುತ್ತಿತ್ತು. ಕೊನೆಗೆ ಜನಲೀಯೇ ದಾರಿ ಹೇಳಿದಳು. ಟೆನ್ಲಿಗೆ ಸೆಪ್ಟೆಂಬರಿನಲ್ಲಿ ದೀಕ್ಷೆಯ ವಯಸ್ಸು, ಎಂಟು, ತುಂಬುತ್ತದೆ, ಅಕ್ಟೋಬರಿನ ಎರಡನೆಯ ಶನಿವಾರ ದೀಕ್ಷಾಸ್ನಾನ. ಆರು ತಿಂಗಳಿಂದ ನೋಡುವವರು ಅದಕ್ಕೇ ಕಾಯುತ್ತಿದ್ದಾರೆ. ಆ ವಿಡಿಯೊ ಎಷ್ಟು ಜನರನ್ನು ತರುತ್ತದೆಂದರೆ ಹಳೆಯದರ ಹಂಗೇ ಬೇಡ. ಅದು ಹೊರಗೆ ಹೋದ ದಿನವೇ ಇದನ್ನು ಅಳಿಸಿಬಿಡುವುದು. ಅಲ್ಲಿಯವರೆಗೆ ಬ್ರಿಯೆಲ್ ಮುಖ ಗಂಟು ಹಾಕಬಾರದು, ಕರೆದಾಗ ಬರಬೇಕು, ತಿನ್ನು ಎಂದರೆ ತಿನ್ನಬೇಕು.

"ಅಜ್ಜಿ ಮುಂದೆ ಹೇಳು."

"ಅಜ್ಜಿ ಮುಂದೇನೇ ಅಲ್ವಾ ಹೇಳ್ತಿರೋದು?"

"ಹೆಸರು ಹಿಡಿದು ಹೇಳು."

ಜನಲೀ ನಿಟ್ಟುಸಿರುಬಿಟ್ಟು ಅತ್ತೆಯ ಕಡೆ ತಿರುಗಿದಳು. "ವೆರ್ಲಾ, ನೀವೇ ಸಾಕ್ಷಿ. ದೀಕ್ಷಾಸ್ನಾನದ ವಿಡಿಯೊ ಹಾಕಿದ ದಿನ ಕಾರಿಂದು ತೆಗೀತೀನಿ."

ದೀಕ್ಷಾಸ್ನಾನದ ಕೋಣೆಯೊಳಗೆ ಕ್ಯಾಮೆರಾ ಒಯ್ಯುವಂತಿಲ್ಲವಲ್ಲ ಎಂದು ವೆರ್ಲಾ ಕೇಳಿದಳು. ಗೊತ್ತು, ಹುಟ್ಟಿದಾಗಿನಿಂದ ಗೊತ್ತು ಎಂದಳು ಜನಲೀ. ಮುಂಚಿನದು, ಆಮೇಲಿನದು ಮಾತ್ರ: ಬಿಳಿ ಉಡುಪು, ಒದ್ದೆ ತಲೆ, ಕೇಕು. ವೆರ್ಲಾ ತಲೆ ಆಡಿಸಿದಳು. ಬ್ರಿಯೆಲ್ ಚಮಚ ಎತ್ತಿಕೊಂಡು, ಕ್ಯಾಮೆರಾ ಹಚ್ಚುವವರೆಗೆ ಕಾದು, ನೂಡಲ್ಸನ್ನು ಬಾಯಿಗಿಟ್ಟು, ಚೆನ್ನಾಗಿದೆ ಎಂದಳು.

ಸೆಪ್ಟೆಂಬರ್ ಪೂರ್ತಿ ಅವಳು ಮಾತು ಉಳಿಸಿಕೊಂಡಳು. ಕರೆದಾಗ ಬಂದಳು, ತಂಗಿಯನ್ನು ತಬ್ಬಿಕೋ ಎಂದರೆ ತಬ್ಬಿಕೊಂಡಳು, ಹಲ್ಲಿನ ತಂತಿಯ ಬಗ್ಗೆ ತಮಾಷೆ ಮಾಡು ಎಂದರೆ ಮಾಡಿದಳು. ಶಾಲೆಯಲ್ಲಿ ಮಧ್ಯಾಹ್ನದ ಊಟವನ್ನು ಗ್ರಂಥಾಲಯದ ಹಿಂದಿನ ಮೆಟ್ಟಿಲ ಮೇಲೆ ಒಬ್ಬಳೇ ತಿನ್ನುತ್ತಿದ್ದಳು. ಅದನ್ನು ಅಜ್ಜಿಗೆ ಮಾತ್ರ ಹೇಳಿದ್ದಳು. ಕೆಳಗಿಳಿದು ಬಂದಾಗಲೆಲ್ಲ ಮೊದಲು ಉಳಿದ ದಿನಗಳ ಲೆಕ್ಕ ಒಪ್ಪಿಸುತ್ತಿದ್ದಳು. ಇನ್ನು ಹತ್ತೊಂಬತ್ತು. ಇನ್ನು ಹನ್ನೆರಡು.

ಪೀಚ್ ಕಾಲ ಮುಗಿಯುವ ಮುಂಚೆ ವೆರ್ಲಾ ಚಳಿಗಾಲಕ್ಕೆಂದು ನಲವತ್ತೆರಡು ಸೀಸೆ ಹಣ್ಣು ತುಂಬಿದಳು. ಮೇಲೆ ಜನಲೀ ಕ್ಯಾಮೆರಾದ ಮುಂದೆ ಮೂರು ತುಂಬಿದಳು, ಎರಡರ ಮುಚ್ಚಳ ಕೂರಲಿಲ್ಲ. ಒಂದು ಮಧ್ಯಾಹ್ನ ಅವಳೇ ಕೆಳಗೆ ಬಂದು, ತನ್ನದೇಕೆ ಕೂರುತ್ತಿಲ್ಲ ಎಂದು ಕೇಳಿ, ಅತ್ತೆಯ ಪಕ್ಕದ ಸ್ಟೂಲಿನ ಮೇಲೆ ಕೂತಳು. ನೀರಿನಲ್ಲಿ ಕುದಿಸಿ ತೆಗೆದ ಸೀಸೆಗಳು ಆರುತ್ತಿದ್ದವು. ಒಂದೊಂದೇ ಮುಚ್ಚಳ ಟಕ್ ಎಂದು ಒಳಗೆ ಸೆಳೆದುಕೊಳ್ಳುತ್ತಿತ್ತು. ಇಬ್ಬರೂ ಎಣಿಸುತ್ತ ಕೂತರು. ಒಂಬತ್ತನೆಯದಾದ ಮೇಲೆ ಜನಲೀ ಕೈಯನ್ನು ಜೇಬಿಗೆ ಹಾಕಿದಳು.

"ಈ ಸದ್ದು ರೆಕಾರ್ಡ್ ಮಾಡ್ಬೇಕಿತ್ತು," ಎಂದಳು.

"ಕೇಳಿಸ್ಕೊಂಡ್ಯಲ್ಲ, ಸಾಲದಾ?"

ಜನಲೀ ಫೋನನ್ನು ಅರ್ಧ ಎತ್ತಿದವಳು ಮತ್ತೆ ಒಳಗಿಟ್ಟಳು. ಆಮೇಲೆ, ಕೇಳದೆಯೇ, ತಾನು ಏಳುತ್ತಲೇ ನೋಡುವವರ ಸಂಖ್ಯೆ ನೋಡುತ್ತೇನೆ ಎಂದು ಹೇಳಿದಳು. ಇಳಿದಿದ್ದರೆ ಮಗು ಹೋದ ಆಸ್ಪತ್ರೆಯ ಕೋಣೆಯಲ್ಲೇ ಮತ್ತೆ ಎದ್ದ ಹಾಗಾಗುತ್ತದೆ. ಇಷ್ಟು ಜನ ಇದ್ದವರು ಎಲ್ಲಿ ಹೋದರು ಅನ್ನಿಸುತ್ತದೆ. ಡೆರಿನ್‌ಗೆ ಹೇಳಿಲ್ಲ. ಹೇಳಿದರೆ ಅವನು ಹಳೆಯ ಕೆಲಸಕ್ಕೆ ಹೋಗುತ್ತೇನೆ ಅನ್ನುತ್ತಾನೆ, ಆ ಸಂಬಳದಲ್ಲಿ ಈ ಮನೆ ನಿಲ್ಲುವುದಿಲ್ಲ. ಇಷ್ಟು ಹೇಳಿ, ಮುಚ್ಚಳ ಕೂತ ಒಂದು ಸೀಸೆಯನ್ನು ಎದೆಗೊತ್ತಿಕೊಂಡು ಮೇಲೆ ಹೋದಳು.

ಟೆನ್ಲಿ ಶಾಲೆಯಿಂದ ಬಂದ ಮೇಲೆ ಅಜ್ಜಿಯ ಹತ್ತಿರ ದೇವರ ಪದ ಕಲಿಯುತ್ತಿದ್ದಳು. ವೆರ್ಲಾ ಒಂದು ಸಾಲು ಹೇಳುವುದು, ಅವಳು ಹೇಳುವುದು. ಚುರುಕಾದ ಹುಡುಗಿ, ಎರಡು ಸಲಕ್ಕೇ ಬಾಯಿಗೆ ಬರುತ್ತಿತ್ತು. ಆದರೆ ಪ್ರತಿ ಸಾಲು ಮುಗಿದ ಮೇಲೂ ಗದ್ದ ಎತ್ತಿ, "ಇದಾಯ್ತಾ, ಇನ್ನೊಂದ್ಸಲ ಮಾಡ್ಲಾ?" ಎಂದು ಕೇಳುತ್ತಿದ್ದಳು.

"ದೇವರಿಗೆ ಒಂದ್ಸಲ ಸಾಕು ಮರಿ," ಎಂದು ವೆರ್ಲಾ ಹೇಳುತ್ತಿದ್ದಳು.

ದೀಕ್ಷಾಸ್ನಾನದ ಶನಿವಾರ ಬೆಳಗ್ಗೆ ಬೆಟ್ಟದ ನೆತ್ತಿಯ ಮೇಲೆ ಮೊದಲ ಹಿಮ ಕಂಡಿತು. ಪ್ರಾರ್ಥನಾ ಮಂದಿರದ ದೀಕ್ಷಾಸ್ನಾನದ ಕೋಣೆಯಲ್ಲಿ ತೊಟ್ಟಿಯ ನೀರು ಬೆಚ್ಚಗಿತ್ತು, ಗಾಜು ಮಸುಕಾಗಿತ್ತು. ಫೋನುಗಳನ್ನೆಲ್ಲ ಚೀಲದಲ್ಲಿಡಿ ಎಂದು ಬಿಷಪ್ ಥರ್ಗುಡ್ ಹೇಳಿದರು. ವಾರದ ದಿನಗಳಲ್ಲಿ ಅವರು ಊರಿನ ಹಲ್ಲಿನ ವೈದ್ಯರು, ಟೆನ್ಲಿಯ ಹಲ್ಲೂ ಅವರಿಗೆ ಗೊತ್ತು. ಜನಲೀ ಎಲ್ಲರಿಗಿಂತ ಮೊದಲು ಇಟ್ಟಳು. ಇಟ್ಟ ಮೇಲೆ ಖಾಲಿ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ತೋಳಿನ ಕೆಳಗೆ ಸೇರಿಸಿಕೊಂಡಳು.

ಇಬ್ಬರು ಸಾಕ್ಷಿಗಳಲ್ಲಿ ವೆರ್ಲಾ ಒಬ್ಬಳು, ನೀರಿನ ಅಂಚಿಗೇ ನಿಂತಿದ್ದಳು. ಸಾಕ್ಷಿಯ ಕೆಲಸ ಇಷ್ಟೆ: ಮಾತು ಒಂದೂ ತಪ್ಪಿಲ್ಲ, ಮಗುವಿನ ಮೈ ಪೂರ್ತಿ ಮುಳುಗಿದೆ ಎಂದು ನೋಡುವುದು. ಒಂದು ಕೂದಲು ತೇಲಿದರೂ ಮೊದಲಿಂದ ಮಾಡಬೇಕು. ಬಿಳಿ ಬಟ್ಟೆಯಲ್ಲಿ ನೀರಿಗಿಳಿದಿದ್ದ ಡೆರಿನ್ ಬಲಗೈ ಎತ್ತಿ, ಮಗಳ ಪೂರ್ತಿ ಹೆಸರು ಹಿಡಿದು, ಪ್ರಾರ್ಥನೆ ಹೇಳಿ ಮುಳುಗಿಸಿದ. ಕ್ಯಾಮೆರಾ ಹಿಡಿಯದ ಮಗನ ಎರಡೂ ಕೈಗಳನ್ನು ವೆರ್ಲಾ ಬಹಳ ದಿನದ ಮೇಲೆ ನೋಡಿದಳು.

ಆದರೆ ಎಡಗಾಲಿನ ಹೆಬ್ಬೆರಳು ನೀರಿನ ಮೇಲೆ ಬಂದಿತ್ತು. ಸಣ್ಣ ಬೆರಳು, ಒಂದು ಗಳಿಗೆ. ವೆರ್ಲಾ ಇನ್ನೊಬ್ಬ ಸಾಕ್ಷಿಯನ್ನು ನೋಡಿದಳು; ಆತ ಕಂಡಿದ್ದರೂ ಇವಳು ಹೇಳಲಿ ಎಂದು ಕಾಯುತ್ತಿದ್ದ.

"ಬೆರಳು ಮೇಲೆ ಬಂತು," ಎಂದಳು ವೆರ್ಲಾ. "ಇನ್ನೊಮ್ಮೆ ಆಗಬೇಕು."

ನೆರೆದವರು ಸಣ್ಣಗೆ ನಕ್ಕರು. ಎಷ್ಟೋ ಮಕ್ಕಳಿಗೆ ಹೀಗಾಗುತ್ತದೆ. ಟೆನ್ಲಿ ಮುಖದ ನೀರು ಒರೆಸಿಕೊಂಡು ಕೋಣೆಯನ್ನೆಲ್ಲ ಒಮ್ಮೆ ನೋಡಿದಳು. ಮೂಲೆಗಳನ್ನು, ಗಾಜನ್ನು, ಅಮ್ಮನ ಖಾಲಿ ಕೈಗಳನ್ನು. ಆಮೇಲೆ ಅಪ್ಪನಿಗೆ ಮೆಲ್ಲಗೆ ಕೇಳಿದ್ದು ಅಂಚಿನಲ್ಲಿದ್ದ ವೆರ್ಲಾಳಿಗೂ ಕೇಳಿಸಿತು.

"ಯಾವ ಕಡೆ ತಿರುಗ್ಲಿ?"

ಡೆರಿನ್ ಮತ್ತೆ ಕೈ ಎತ್ತಿದ. ಎರಡನೆಯ ಸಲ ಪೂರ್ತಿ ಮುಳುಗಿದಳು.

ಸೋಮವಾರ ಮಧ್ಯಾಹ್ನ ಶಾಲೆ ಬಿಟ್ಟ ಕೂಡಲೇ ಮೇಲಿನವರೆಲ್ಲ ಕಾರು ಹತ್ತಿ ಹೋದರು. ಎಲ್ಲಿಗೆ ಎಂದು ವೆರ್ಲಾಳಿಗೆ ಯಾರೂ ಹೇಳಲಿಲ್ಲ. ನಾಲ್ಕು ಗಂಟೆಗೆ ಬಂದರು. ಸ್ನಾನದ ಮನೆಯಲ್ಲಿ ಬಿಸಿನೀರು ಬಹಳ ಹೊತ್ತು ಸುರಿಯಿತು. ಆಮೇಲೆ ಟೆನ್ಲಿ ಕಂಬಳಿ ಸುತ್ತಿಕೊಂಡು ಕೆಳಗೆ ಬಂದಳು. ತುಟಿ ಇನ್ನೂ ನೀಲಿಯಾಗಿತ್ತು. ವೆರ್ಲಾ ಹಾಲು ಬಿಸಿಮಾಡಿ ಕೊಟ್ಟಳು.

"ಅಜ್ಜಿ, ನಂದು ಮೂರಾಯ್ತು. ಯಾವುದು ಲೆಕ್ಕಕ್ಕೆ?"

"ಏನು ಮೂರು?"

"ಮುಳುಗೋದು. ಇವತ್ತು ಜಲಾಶಯದಲ್ಲಿ, ಕ್ಯಾಮೆರಾಗೆ. ನೀರು ತುಂಬಾ ತಣ್ಣಗಿತ್ತು. ಆದ್ರೆ ಬೆರಳು ಮೇಲೆ ಬರಲಿಲ್ಲ, ಅಕ್ಕ ನೋಡಿದಳು."

ಅಪ್ಪ ಸುಮ್ಮನೆ ಮುಳುಗಿಸಿದನೇ ಎಂದು ವೆರ್ಲಾ ಕೇಳಿದಳು. ಇಲ್ಲವಂತೆ. ಬರೀ ಬಾಯಿ ಆಡಿಸು ಎಂದು ಅಮ್ಮ ಅವನಿಗೆ ಹೇಳಿದ್ದಳಂತೆ. ಪ್ರಾರ್ಥನೆ ಹೇಳದೆ ತಾನು ಮುಳುಗುವುದಿಲ್ಲ, ಅಜ್ಜಿ ತಪ್ಪು ಅನ್ನುತ್ತಾಳೆ ಎಂದು ಟೆನ್ಲಿಯೇ ಹಟ ಮಾಡಿದಳಂತೆ. ಚಳಿಯಲ್ಲಿ ಎಷ್ಟು ಹೊತ್ತು ನಿಲ್ಲಿಸುವುದು ಎಂದು ಅಪ್ಪ ಗಟ್ಟಿಯಾಗಿ ಪೂರ್ತಿ ಹೇಳಿದನಂತೆ, ಹೆಸರು ಹಿಡಿದು, ಕೈ ಎತ್ತಿ.

ವೆರ್ಲಾ ಹಾಲಿನ ಲೋಟ ಹುಡುಗಿಯ ಕೈಯಲ್ಲೇ ಬಿಟ್ಟು ಮೆಟ್ಟಿಲು ಹತ್ತಿದಳು. ಮೊಣಕಾಲು ನೋವಿನಿಂದ ಅವಳು ಹತ್ತುವುದು ಭಾನುವಾರ ಮತ್ತು ಊಟಕ್ಕೆ ಮಾತ್ರ. ಡೆರಿನ್ ಒದ್ದೆ ಬಿಳಿ ಬಟ್ಟೆಗಳನ್ನು ಯಂತ್ರಕ್ಕೆ ಹಾಕುತ್ತಿದ್ದ.

"ಹೇಳಿದ್ಯಾ?"

ಅವನು ಏನನ್ನು ಎಂದು ಕೇಳಲಿಲ್ಲ. "ಮಗು ನಡುಗ್ತಿತ್ತು ಅಮ್ಮ. ಹೇಳದೆ ಮುಳುಗಲ್ಲ ಅಂದ್ಲು."

"ಆ ಮಾತು ಹೇಳಿ ಮುಳುಗಿಸೋ ಅಧಿಕಾರ ನಿನಗೆ ಯಾರು ಕೊಟ್ರು?"

"ಗೊತ್ತಮ್ಮ."

"ನಿಮ್ಮಪ್ಪ ನಿನ್ನ ತಲೆ ಮೇಲೆ ಕೈ ಇಟ್ಟು ಕೊಟ್ಟಿದ್ದು. ಅದನ್ನ ಜನಕ್ಕೆ ತೋರಿಸ್ತೀಯಾ?"

ಡೆರಿನ್ ಯಂತ್ರದ ಬಾಗಿಲು ಹಾಕಿ, ಅದನ್ನು ಚಾಲೂ ಮಾಡದೆ, ಅದರ ಮೇಲೆ ಎರಡೂ ಕೈ ಊರಿ ನಿಂತ. ಆಮೇಲೆ ಕಾರಿನ ಕೀಲಿ ತೆಗೆದುಕೊಂಡು ಬಿಷಪ್ಪರ ದವಾಖಾನೆಗೆ ಹೋದ. ಕೊನೆಯ ರೋಗಿ ಏಳುವವರೆಗೆ ಕಾದು ಕೂತಿದ್ದನಂತೆ. ಬಿಷಪ್ ಬೈಯಲಿಲ್ಲವಂತೆ. ಎರಡನೆಯ ಮುಳುಗೇ ಮಗುವಿನದು, ಅದಕ್ಕೇನೂ ಆಗಿಲ್ಲ. ಮೂರನೆಯದನ್ನು ಏನು ಮಾಡುವುದೆಂದು ನೀನೇ ನಿನ್ನನ್ನು ಕೇಳಿಕೋ ಎಂದರಂತೆ.

ಮರುದಿನ ಬೆಳಗ್ಗೆ ತಿಂಡಿಯ ಹೊತ್ತಿಗೆ ಅವನು ಆ ವಿಡಿಯೊ ಹಾಕುವುದಿಲ್ಲ ಎಂದ. ಜನಲೀ ಮೊದಲು ತಮಾಷೆ ಎಂದುಕೊಂಡಳು. ಆಮೇಲೆ ಮಾತು ಕೇಳಿಸದ ಹಾಗೆ ಮೇಲೆ ಸಂಗೀತ ಹಾಕೋಣ ಎಂದಳು, ನಿನ್ನ ಮುಖ ಕಾಣದ ಹಾಗೆ ಕತ್ತರಿಸೋಣ ಎಂದಳು. ಅವನು ಒಪ್ಪಲಿಲ್ಲ. ನೀರಿಲ್ಲದೆ, ಬರೀ ಉಡುಪು ಮತ್ತು ಕೇಕಿನಿಂದ ಆಗುವುದಾದರೆ ಮಾಡು ಎಂದ. ಅದನ್ನು ಯಾರು ನೋಡುತ್ತಾರೆ ಎಂದು ಅವಳು ಕೇಳಿದಳು. ನೆಲಮಾಳಿಗೆಯಲ್ಲಿ ವೆರ್ಲಾ ಓಟ್ಸ್ ಗಂಜಿ ತಿರುವುತ್ತ ಎಲ್ಲವನ್ನೂ ಕೇಳಿಸಿಕೊಂಡಳು. ಆ ಜಗಳ ಒಂದೇ ಸಲ ನಡೆಯಿತು.

"ಹಾಗಾದ್ರೆ ಕಾರಿಂದು ಇರತ್ತೆ," ಎಂದು ಜನಲೀ ಕೊನೆಗೆ ಹೇಳಿದಳು. "ಅದೂ ಹೋಗಿ ಇದೂ ಹೋದ್ರೆ ಮಾರ್ಚಿಗೆ ಈ ಮನೇಲಿ ಬೇರೆ ಯಾರೋ ಇರ್ತಾರೆ. ನಿಮ್ಮಮ್ಮನ್ನ ಎಲ್ಲಿಡ್ತೀಯಾ, ಗ್ಯಾರೇಜಲ್ಲಾ?"

ಆಮೇಲೆ ಬಾಗಿಲು, ಆಮೇಲೆ ಬ್ರಿಯೆಲ್ ಶಾಲೆಯ ಬಸ್ಸಿಗೆ ಹೋದ ಹೆಜ್ಜೆ. ನಿಧಾನದ ಹೆಜ್ಜೆ.

ವೆರ್ಲಾ ಮತ್ತೆ ಮೆಟ್ಟಿಲು ಹತ್ತಿದಳು. ಜನಲೀ ಸಿಂಕಿನ ಮುಂದೆ ಬೆನ್ನು ಮಾಡಿ ನಿಂತಿದ್ದಳು. ಮಗುವಿಗೆ ಮಾತು ಕೊಟ್ಟಿದ್ದೀಯ, ನನ್ನನ್ನೇ ಸಾಕ್ಷಿ ಎಂದಿದ್ದೀಯ, ಅದನ್ನು ನಡೆಸು ಎಂದು ವೆರ್ಲಾ ಕೇಳಿದಳು. ತಾನು ತಂಗಿಯ ಮನೆಗೆ ಹೋಗಿ ಇರುತ್ತೇನೆ, ನೆಲಮಾಳಿಗೆಯನ್ನು ಬಾಡಿಗೆಗೆ ಕೊಡಿ ಎಂದಳು.

"ಬಾಡಿಗೆಯಿಂದ ಬರೀ ದೀಪದ ಬಿಲ್ಲು ಆಗತ್ತೆ ವೆರ್ಲಾ," ಎಂದಳು ಜನಲೀ, ತಿರುಗದೆ. ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "ಒಂದನ್ನ ನೀವು ಕಿತ್ಕೊಂಡ್ರಿ. ನಿಮ್ಮ ಪ್ರಕಾರ ಅದು ಸರೀನೇ ಇರಬಹುದು. ಇನ್ನೊಂದನ್ನೂ ಕೊಡು ಅಂತ ಕೇಳಬೇಡಿ. ನಾನು ಹೇಳಿದ್ದು ದೀಕ್ಷಾಸ್ನಾನದ್ದು ಹಾಕಿದ ದಿನ ಅಂತ. ಅದನ್ನ ಹಾಕಲಿಲ್ಲ."

ಆ ವಾರ ಮನೆಯಲ್ಲಿ ಒಂದೇ ಊಟ. ಯಾರೂ ಏನನ್ನೂ ಚಿತ್ರಿಸಲಿಲ್ಲ. ಕಂಪನಿಯಿಂದ ಎರಡು ಸಲ ಫೋನು ಬಂತು. ಡೆರಿನ್ ಗ್ಯಾರೇಜಿನಲ್ಲಿ ಹಳೆಯ ಉಪಕರಣಗಳ ಪೆಟ್ಟಿಗೆ ತೆಗೆದು ಒರೆಸಿದ, ಎರಡು ಕಡೆ ಕೆಲಸ ಕೇಳಿ ಬಂದ, ಚಳಿಗಾಲಕ್ಕೆ ಜನ ಆಗಲೇ ಸಿಕ್ಕಿದ್ದಾರೆ ಎಂದು ಅಲ್ಲಿಯವರು ಹೇಳಿದರು. ನೋಡುವವರ ಸಂಖ್ಯೆ ಇಳಿಯಿತೆಂಬುದು ಜನಲೀಯ ಹೆಜ್ಜೆಯಲ್ಲೇ ತಿಳಿಯುತ್ತಿತ್ತು. ಇಳಿಯದೆ ನಿಂತದ್ದು ಕಾರಿನ ವಿಡಿಯೊ ಒಂದೇ.

ಶುಕ್ರವಾರ ಬ್ರಿಯೆಲ್ ಕೆಳಗೆ ಬಂದಳು. ಬ್ರೆಡ್ ಕೇಳಲಿಲ್ಲ. ಅಜ್ಜಿ ಚಾದರ ಮಡಚುತ್ತಿದ್ದುದನ್ನು ನೋಡಿ ಇನ್ನೊಂದು ತುದಿ ಹಿಡಿದುಕೊಂಡಳು. ಇಬ್ಬರೂ ಸೇರಿ ಎರಡು ಚಾದರ ಮಡಚಿದರು. ಮೂರನೆಯದನ್ನು ಹಿಡಿದುಕೊಂಡೇ ಹುಡುಗಿ ಶುರು ಮಾಡಿದಳು. ಶಾಲೆಯಲ್ಲಿ ವಾರ್ಷಿಕ ಸಭೆಗೆ ಯಾರೋ ಕಾರಿನ ಆ ಮಾತನ್ನು ದೊಡ್ಡ ಸ್ಪೀಕರಿಗೇ ಹಚ್ಚಿದರಂತೆ. ಒಂಬೈನೂರು ಮಕ್ಕಳು. ಪ್ರಿನ್ಸಿಪಾಲರು ಅವಳನ್ನೇ ಕರೆದು, ಮನೆಯವರು ಅದನ್ನು ತೆಗೆಯುವವರೆಗೆ ತಾವು ಏನು ಮಾಡಲಿಕ್ಕಾಗುತ್ತದೆ ಎಂದು ಕೇಳಿದರಂತೆ.

"ಅಜ್ಜಿ, ಅಪ್ಪ ನಿನ್ನ ಮಾತು ಮೀರಲ್ಲ."

ವೆರ್ಲಾ ಚಾದರದ ಅಂಚು ಸರಿಮಾಡಿದಳು.

"ನೀನು 'ಹೋಗ್ಲಿ, ಜಲಾಶಯದ್ದು ಹಾಕು' ಅಂದ್ರೆ ಹಾಕ್ತಾನೆ. ಮಾತು ಕೇಳಿಸೋದಿಲ್ಲ. ಸಂಗೀತ ಹಾಕ್ತಾಳೆ ಅಮ್ಮ, ನಾನೇ ಪಕ್ಕದಲ್ಲಿ ಕೂತು ನೋಡ್ತೀನಿ, ಒಂದಕ್ಷರ ಕೇಳಿಸದ ಹಾಗೆ. ಟೆನ್ಲಿಗೆ ಏನೂ ಆಗಲ್ಲ, ಅವಳಿಗೆ ಇಷ್ಟ ಇದೆಲ್ಲ. ಬಿಷಪ್ಪೂ ಬೇಡ ಅಂದಿಲ್ಲ."

"ಅವರು ಹಾಕು ಅಂತಲೂ ಅಂದಿಲ್ಲ."

"ಅದು ಲೆಕ್ಕಕ್ಕೇ ಇಲ್ಲ ಅಂದ್ರಲ್ಲ. ಎರಡನೇದೇ ನಿಜವಾದ್ದು ಅಂದ್ರಲ್ಲ. ಹಾಗಾದ್ರೆ ಇದು ಬರೀ ನೀರು ಅಜ್ಜಿ. ಕಾರಲ್ಲಿರೋದು ನಾನು."

ಚಾದರದ ಎರಡು ತುದಿ ಅವಳ ಮುಷ್ಟಿಯಲ್ಲಿ, ಎರಡು ತುದಿ ಅಜ್ಜಿಯ ಕೈಯಲ್ಲಿ. ನಡುವೆ ಬಟ್ಟೆ ನೆಲಕ್ಕೆ ತಾಗುತ್ತಿತ್ತು. ವೆರ್ಲಾ ಬಟ್ಟೆಯಾಚೆ ನಿಂತ ಹುಡುಗಿಯ ಮುಖವನ್ನು, ಬಾತ ಕಣ್ಣುಗಳನ್ನು, ಅಳಬಾರದೆಂದು ಬಿಗಿದ ಬಾಯನ್ನು ನೋಡಿದಳು. ತಾನು ಬಂದು ಪ್ರಿನ್ಸಿಪಾಲರ ಹತ್ತಿರ ಮಾತಾಡುತ್ತೇನೆ ಎಂದಳು. ನಾಳೆಯೇ ಈ ನೆಲಮಾಳಿಗೆಗೆ ಬಂದುಬಿಡು, ನನ್ನ ಹಾಸಿಗೆ ನಿನಗೆ, ಇಲ್ಲಿಗೆ ಕ್ಯಾಮೆರಾ ಇಳಿಯುವುದಿಲ್ಲ ಎಂದಳು. ನಿನ್ನ ಅಮ್ಮನ ಕಾಲಿಗೆ ಬೇಕಾದರೂ ಬೀಳುತ್ತೇನೆ ಎಂದಳು.

"ಅದೆಲ್ಲ ಬೇಡ ಅಜ್ಜಿ. ಒಂದು ಮಾತು ಸಾಕು. ಅಪ್ಪಂಗೆ ಒಂದೇ ಒಂದು ಮಾತು."

"ಇಲ್ಲ ಬ್ರಿಯೆಲ್."

"ನನಗೋಸ್ಕರ."

"ಇಲ್ಲ," ಎಂದಳು ವೆರ್ಲಾ. "ಹೇಳಲ್ಲ."